ಅತ್ತೆ ಅಳಿಯನ ಬೇಸಿಗೆ ಸಾಸ್

ಮಾತು ಬೆಳ್ಳಿಯಾದರೆ ಮೌನ ಬಂಗಾರ ಎನ್ನುತ್ತಾರೆ. ಆ ಲೆಕ್ಕದಲ್ಲಿ ಫ್ಯಾನ್ ರಿಪೇರಿಯವನ ಮನೆ ಆ ಬೇಸಿಗೆಯ ಮೊದಲಲ್ಲಿ ಬಂಗಾರದ ಗಣಿಯೇ ಆಗಿತ್ತು. ಮನೆಯಲ್ಲಿ ಇದ್ದವರು ಇಬ್ಬರು, ಅವನು ಮತ್ತು ಅವನ ಅತ್ತೆ. ಹಾಗಂತ ಇಬ್ಬರೂ ಮೂಗರಲ್ಲ. ಅವನು ಅಂಗಡಿಯಲ್ಲಿ ಕೂತರೆ ಗಿರಾಕಿಗಳ ಕಿವಿ ತೂತಾಗುವವರೆಗೆ ಹರಟುತ್ತಿದ್ದ. ಅತ್ತೆಯಂತೂ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಲೇ ಎದುರುಮನೆ, ಪಕ್ಕದಮನೆ, ಕೆಳಗಿನ ಮನೆ ಮೂರರ ಸುದ್ದಿಯನ್ನೂ ವಿಲೇವಾರಿ ಮಾಡಬಲ್ಲವರು. ಆದರೆ ಅತ್ತೆ ಅಳಿಯನ ಮುಖ ನೋಡಿ, ಅಳಿಯ ಅತ್ತೆಯ ಮುಖ ನೋಡಿ ಮಾತಾಡಿ ವರ್ಷಗಳೇ ಕಳೆದಿದ್ದವು.

ಎಲ್ಲ ಶುರುವಾದದ್ದು ಒಂದು ಮಿಕ್ಸಿಯಿಂದ. ಮದುವೆಗೆ ಮುಂಚೆ ಅವನು ಮೊದಲ ಸಲ ದೊಡ್ಡಪ್ಪನ ಜೊತೆ ಹುಡುಗಿಯ ಮನೆಗೆ ಊಟಕ್ಕೆ ಹೋಗಿದ್ದ. ಅವತ್ತೇ ಆ ಮನೆಯ ಮಿಕ್ಸಿ ಕೈಕೊಟ್ಟಿತ್ತು. 'ಇಷ್ಟೇ ತಾನೇ' ಎಂದು ಇವನು ತೋಳೇರಿಸಿ ಕೂತು ಅದನ್ನು ರಿಪೇರಿ ಮಾಡಿದ. ಎಷ್ಟು ಚೆನ್ನಾಗಿ ಮಾಡಿದನೆಂದರೆ, ಭಾವಿ ಅತ್ತೆ ಬಿಸಿ ಟೊಮೆಟೊ ಹಾಕಿ ಗುಂಡಿ ತಿರುಗಿಸಿದ್ದೇ ತಡ, ಮುಚ್ಚಳ ಹಾರಿ ಗೋಡೆ, ಗಡಿಯಾರ, ಅವರು ಅವತ್ತಿಗೆಂದೇ ಉಟ್ಟಿದ್ದ ಹೊಸ ಬಟ್ಟೆ, ಕೊನೆಗೆ ಬಾಗಿಲಲ್ಲಿ ಇಣುಕಿದ ದೊಡ್ಡಪ್ಪನ ಬೋಳುತಲೆ ಎಲ್ಲವೂ ಕೆಂಪಾಯಿತು.

"ಮಿಕ್ಸಿನೇ ಹೀಗೆ ರಿಪೇರಿ ಮಾಡೋರು ನನ್ನ ಮಗಳ ಬಾಳನ್ನ ಇನ್ನು ಹೇಗೆ ರಿಪೇರಿ ಮಾಡ್ತಾರೋ!" ಎಂದರು ಅತ್ತೆ, ಎಲ್ಲರಿಗೂ ಕೇಳುವಂತೆ.

"ಮಿಕ್ಸಿ ಕೆಲಸ ತಿರುಗೋದು. ಮುಚ್ಚಳ ಹಿಡ್ಕೊಳ್ಳೋದು ಮನುಷ್ಯರ ಕೆಲಸ" ಎಂದ ಇವನೂ. ಬಿಸಿರಕ್ತದ ವಯಸ್ಸು.

ಮದುವೆಯೇನೋ ನಡೆಯಿತು. ಮಾತು ಮಾತ್ರ ಅಲ್ಲಿಗೇ ನಿಂತುಹೋಯಿತು. ಕನ್ನಡದಲ್ಲಿ ಒಂದು ಅನುಕೂಲವಿದೆ, ಎದುರಿಗಿರುವವರನ್ನು ನೀನು ಎನ್ನದೆ, ನೀವು ಎನ್ನದೆ ಇಡೀ ಜೀವಮಾನ ಸಾಗಿಸಬಹುದು. ಬಂದು ಇದ್ದಾಗಲೆಲ್ಲ ಅತ್ತೆ ಒಲೆಯ ಕಡೆ ತಿರುಗಿ "ಕೈ ತೊಳ್ಕೊಂಡ್ರೆ ಊಟ ಬಡಿಸಬಹುದು" ಎನ್ನುತ್ತಿದ್ದರು. ಅಳಿಯ ತಲೆ ಮೇಲಿನ ಫ್ಯಾನಿಗೆ "ಇವತ್ತು ಹಸಿವು ಕಮ್ಮಿ" ಎಂದು ವರದಿ ಒಪ್ಪಿಸುತ್ತಿದ್ದ. ಒಲೆಗೂ ಫ್ಯಾನಿಗೂ ನಡುವೆ ಸಿಕ್ಕಿಕೊಂಡು ಒದ್ದಾಡುತ್ತಿದ್ದವಳು ಅವನ ಹೆಂಡತಿ, ಅಂದರೆ ಅವರ ಮಗಳು.

ಅವಳು ಈಜು ಕಲಿಸುವವಳು. ಆ ಬೇಸಿಗೆ ದೂರದ ಕೆರೆಯೊಂದರ ದಡದಲ್ಲಿ ಮಕ್ಕಳ ಶಿಬಿರ ನಡೆಸಲು ಅವಳಿಗೆ ಕರೆ ಬಂದಿತ್ತು. ರಜೆ ಮುಗಿಯುವವರೆಗೂ ಅಲ್ಲೇ ಇರಬೇಕು. ಹೊರಡುವ ಮುಂಚೆ ಅಮ್ಮನಿಗೆ ಫೋನ್ ಮಾಡಿ ಕರೆಸಿಕೊಂಡಳು. ಗಂಡನನ್ನು ಬಾಲ್ಕನಿಗೆ ಕರೆದು "ರೀ, ಅಮ್ಮಂಗೆ ಈಚೆಗೆ ಆಯಾಸ ಜಾಸ್ತಿ. ನಾನಿಲ್ಲದಾಗ ನೀವೇ ನೋಡ್ಕೋಬೇಕು" ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಅಮ್ಮನಿಗೆ "ಅಮ್ಮ, ಅವರಿಗೆ ಒಂದು ಲೋಟ ನೀರು ಕುಡಿಯೋದೂ ನೆನಪಿರಲ್ಲ. ನೀನೇ ನೋಡ್ಕೋಬೇಕು" ಎಂದಳು. ಬ್ಯಾಗು ಹೆಗಲಿಗೇರಿಸಿ, ನಗು ತಡೆದುಕೊಂಡು ಬಸ್ಸು ಹತ್ತಿದಳು.

ಎಣ್ಣೆ ಸೀಗೆಕಾಯಿಯಂತಿದ್ದ ಇಬ್ಬರೂ ಹೀಗೆ ಒಬ್ಬರನ್ನೊಬ್ಬರು ನೋಡಿಕೊಳ್ಳುವ ಹೊಣೆ ಹೊತ್ತು ಒಂದೇ ಸೂರಿನಡಿ ಉಳಿದರು.

ಬಿಸಿಲೆಂದರೆ ಬಿಸಿಲು. ಅಳಿಯನ ಅಂಗಡಿಯ ತಗಡಿನ ಶಟರ್ ಬೆಳಿಗ್ಗೆ ಮುಟ್ಟಿದರೂ ಸುಡುತ್ತಿತ್ತು. ಊರಿನ ಫ್ಯಾನುಗಳೆಲ್ಲ ಮಾತಾಡಿಕೊಂಡವರಂತೆ ಒಟ್ಟಿಗೆ ಕೆಟ್ಟು ಅವನ ಬೆಂಚಿನ ಮೇಲೆ ಬಂದು ಬಿದ್ದಿದ್ದವು. ಇಡೀ ದಿನ ಬೇರಿಂಗಿಗೆ ಗ್ರೀಸ್ ಹಚ್ಚಿ, ಸುಟ್ಟ ತಂತಿ ಬಿಚ್ಚಿ ಮನೆಗೆ ಬಂದರೆ ಅತ್ತೆ ಬೆಂಕಿಯಂಥ ಅಡುಗೆಮನೆಯಲ್ಲಿ ನಿಂತು ಹಬೆಯಾಡುವ ಅನ್ನ, ಕುದಿಯುವ ಪಲ್ಯ, ಬಿಸಿ ಬಿಸಿ ಸೂಪು ಮಾಡಿಟ್ಟಿರುತ್ತಿದ್ದರು. ಅವನಿಗೆ ಎರಡು ತುತ್ತಿನ ಮೇಲೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತಟ್ಟೆಯಲ್ಲಿ ಉಳಿದದ್ದನ್ನು ನೋಡಿ ಅತ್ತೆಯ ಮುಖ ಕುಂಬಳಕಾಯಿಯಾಗುತ್ತಿತ್ತು. "ಕೆಲವರಿಗೆ ಹೋಟೆಲ್ ಊಟವೇ ರುಚಿ ಅಂತ ಕಾಣುತ್ತೆ" ಎಂದು ಒಲೆಗೆ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಅಳಿಯ ಮರೆತುಹೋಗಿದ್ದ ಕೆಪಾಸಿಟರ್ ಡಬ್ಬಿ ತೆಗೆದುಕೊಳ್ಳಲು ಮನೆಗೆ ಬಂದ. ಅಡುಗೆಮನೆಯಿಂದ ಸೀದ ವಾಸನೆ ಬರುತ್ತಿತ್ತು. ಹೋಗಿ ನೋಡಿದರೆ ಅತ್ತೆ ಕಪಾಟಿಗೆ ಒರಗಿ ನೆಲದ ಮೇಲೆ ಕೂತಿದ್ದಾರೆ. ಕಣ್ಣು ಮುಚ್ಚಿದೆ, ಕೈಯಲ್ಲಿ ಸೌಟು ಹಾಗೇ ಇದೆ.

"ಅತ್ತೆ!" ಎಂದು ಕಿರುಚಿದ ಅವನು.

ಅವರು ಒಂದು ಕಣ್ಣು ತೆರೆದರು. "ನನಗೇನೂ ಆಗಿಲ್ಲ. ಮೊದಲು ಆ ಗ್ಯಾಸ್ ಆಫ್ ಮಾಡು."

ಅವನು ಗ್ಯಾಸ್ ಆಫ್ ಮಾಡಿದ. ಒದ್ದೆ ಟವೆಲ್ ತಂದು ಅವರ ಕತ್ತಿನ ಮೇಲೆ ಹಾಕಿದ, ನೀರಿಗೆ ಸಕ್ಕರೆ ಉಪ್ಪು ಬೆರೆಸಿ ಕುಡಿಸಿದ. ಅಂಗಡಿಗೆ ಒಯ್ಯಬೇಕಿದ್ದ ಯಾರದೋ ಟೇಬಲ್ ಫ್ಯಾನನ್ನು ಅವರ ಮುಖದ ಮುಂದೆ ಇಟ್ಟು ಜೋರಾಗಿ ಓಡಿಸಿದ. ಅವರ ಕೆನ್ನೆಗೆ ರಂಗು ಬಂದಮೇಲೇ ಅವನಿಗೆ ಹೊಳೆದದ್ದು, ಅತ್ತೆ 'ಮಾಡು' ಎಂದಿದ್ದರು! 'ಮಾಡಿ' ಅಲ್ಲ, 'ಮಾಡಿದರೆ ಒಳ್ಳೆಯದು' ಅಲ್ಲ, ನೇರಾನೇರ 'ಮಾಡು'. ಅತ್ತೆಗೂ ಅದೇ ಹೊಳೆದಿರಬೇಕು, ಟವೆಲ್ಲಿನ ತುದಿಯಿಂದ ಮುಖ ಒರೆಸಿಕೊಳ್ಳುತ್ತ ಗೋಡೆಯ ಕಡೆ ತಿರುಗಿಬಿಟ್ಟರು.

ಸಂಜೆ ಅಳಿಯ ಫ್ಯಾನಿಗೆ ಗಟ್ಟಿಯಾಗಿ ಹೇಳಿದ: "ನಾಳೆಯಿಂದ ಈ ಮನೇಲಿ ಬೆಳಿಗ್ಗೆ ತಂಪಿರುವಾಗ ಒಂದೇ ಸಲ ಒಲೆ ಹಚ್ಚೋದು. ಆಲೂಗಡ್ಡೆ, ಬೀನ್ಸು, ಮೊಟ್ಟೆ ಬೇಯಿಸಿ ಇಟ್ಟರೆ ಆಯ್ತು. ಮಧ್ಯಾಹ್ನ ಒಲೆ ಹಚ್ಚೋರಿದ್ದರೆ ಸಿಲಿಂಡರ್ ಹೊತ್ಕೊಂಡು ಅಂಗಡಿಗೆ ಹೋಗ್ತೀನಿ."

"ತಣ್ಣಗಿನ ಆಲೂಗಡ್ಡೆನ ಹಾಗೇ ನುಂಗೋಕೆ ನಾವೇನು ಆಸ್ಪತ್ರೇಲಿದ್ದೀವಾ?" ಎಂದು ಒಲೆ ಕೇಳಿಸಿಕೊಂಡಿತು.

"ಅದರ ಮೇಲೆ ಹಾಕೋಕೆ ಏನಾದ್ರೂ ಮಾಡಿದ್ರಾಯ್ತು. ಯಾವುದಾದ್ರೂ ಸಾಸು."

"ಯಾರು ಮಾಡ್ತಾರಂತೆ?"

"ನಾನೇ!" ಎಂದುಬಿಟ್ಟ ಅಳಿಯ. ಚಹಾ ಬಿಟ್ಟು ಬೇರೇನನ್ನೂ ಮಾಡಿ ಗೊತ್ತಿಲ್ಲದ ಮನುಷ್ಯ.

ಮರುದಿನ ಅವನು ಸೌತೆಕಾಯಿ ತುರಿದು, ಮೊಸರಿಗೆ ಹಾಕಿ, ಬೆಳ್ಳುಳ್ಳಿ ಜಜ್ಜಿ, ಪುದೀನ ಹರಿದು ಸೇರಿಸಿದ. ರುಚಿ ನೋಡಿದ. ಪರವಾಗಿಲ್ಲ, ಕೈಯಲ್ಲಿ ಏನೋ ಗುಣ ಇದೆ ಎಂದು ತನಗೇ ಹೆಮ್ಮೆಯೆನಿಸಿತು. ಆದರೆ ಊಟದ ಹೊತ್ತಿಗೆ ಮುಚ್ಚಳ ತೆಗೆದರೆ ಬಟ್ಟಲ ತುಂಬ ಬಿಳಿ ನೀರು, ಅದರಲ್ಲಿ ಸೌತೆಕಾಯಿ ಈಜುತ್ತಿದೆ.

"ಮೊಸರೇ ಸರಿ ಇಲ್ಲ" ಎಂದ ಅವನು ಫ್ಯಾನಿಗೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು ಅತ್ತೆ ಒಲೆಗೆ. "ಸೌತೆಕಾಯಿಗೆ ಉಪ್ಪು ಹಾಕಿ, ನೀರು ಹಿಂಡಿ, ಆಮೇಲೆ ಮೊಸರಿಗೆ ಹಾಕಬೇಕು. ಮೊಸರನ್ನೂ ಬಟ್ಟೇಲಿ ಕಟ್ಟಿ ನೇತುಹಾಕಿರಬೇಕು. ಇಲ್ಲದಿದ್ದರೆ ನೀರಾಗದೆ ಬೆಣ್ಣೆ ಆಗುತ್ತಾ?"

ಆದರೂ ಅತ್ತೆ ಆ ನೀರನ್ನೇ ಆಲೂಗಡ್ಡೆಯ ಮೇಲೆ ಸುರಿದುಕೊಂಡು ತಟ್ಟೆ ಖಾಲಿ ಮಾಡಿದರು. ಅಳಿಯನೂ ಖಾಲಿ ಮಾಡಿದ. ಆ ಬೇಸಿಗೆಯಲ್ಲಿ ಅವನ ತಟ್ಟೆ ಖಾಲಿಯಾದದ್ದು ಅದೇ ಮೊದಲು. ಅತ್ತೆ ಅದನ್ನು ನೋಡಿದರು.

ಮಾರನೆಯ ಬೆಳಿಗ್ಗೆ ಎದ್ದರೆ ಅಡುಗೆಮನೆಯ ನಲ್ಲಿಗೆ ಒಂದು ಬಿಳಿ ಗಂಟು ಕಟ್ಟಿ ನೇತುಹಾಕಿತ್ತು. ತೊಟ್ಟಿಕ್ಕುತ್ತಿದ್ದ ನೀರನ್ನು ಕೆಳಗೆ ಒಂದು ಬಟ್ಟಲು ಹಿಡಿಯುತ್ತಿತ್ತು. ಹಿಂದಿನ ದಿನದ ಸಾಸಿಗೂ ಆ ದಿನದ್ದಕ್ಕೂ ಆನೆಗೂ ಆಡಿಗೂ ಇರುವಷ್ಟು ವ್ಯತ್ಯಾಸ. ಚಮಚ ನೆಟ್ಟರೆ ನೆಟ್ಟಗೆ ನಿಲ್ಲುವಷ್ಟು ಗಟ್ಟಿ, ನಾಲಿಗೆಯ ಮೇಲೆ ತಂಪು.

ಅಲ್ಲಿಂದ ಅಳಿಯನಿಗೆ ಹುಚ್ಚು ಹಿಡಿಯಿತು. ಯಾವ ಫ್ಯಾನಿನ ಯಾವ ರೋಗಕ್ಕೆ ಯಾವ ಮದ್ದು ಎಂದು ಹುಡುಕುವವನು ಈಗ ಸಾಸಿನ ರೋಗ ಹುಡುಕತೊಡಗಿದ. ಟೊಮೆಟೊ ಸಿಪ್ಪೆ ಸುಲಿಯಲು ಬಿಸಿನೀರು ಕಾಯಿಸಬೇಕು, ಒಲೆ ಹಚ್ಚುವಂತಿಲ್ಲ. ಕೂತು ಯೋಚಿಸುತ್ತಿದ್ದಾಗ ಅತ್ತೆ ಬಂದು ಒಂದು ಮಾತೂ ಆಡದೆ ಟೊಮೆಟೊವನ್ನು ಅಡ್ಡಲಾಗಿ ಎರಡು ಹೋಳು ಮಾಡಿ, ಕತ್ತರಿಸಿದ ಮಗ್ಗುಲನ್ನು ತುರಿಮಣೆಗೆ ಉಜ್ಜಿದರು. ತಿರುಳೆಲ್ಲ ಬಟ್ಟಲಿಗೆ ಬಿತ್ತು, ಸಿಪ್ಪೆ ಮಾತ್ರ ಅಂಗೈಯಲ್ಲಿ ಟೋಪಿಯ ಹಾಗೆ ಉಳಿಯಿತು. ಅಳಿಯ ಬಾಯಿ ಬಿಟ್ಟುಕೊಂಡು ನೋಡಿದ. ಅದಕ್ಕೆ ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಒಂದಿಷ್ಟು ಎಣ್ಣೆ, ಚೂರು ಸಕ್ಕರೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಆಯಿತು. ಅದರಲ್ಲಿ ಬ್ರೆಡ್ಡಿನ ಅಂಚು ಅದ್ದಿ ತಿಂದವನು ಎರಡನೇ ಬ್ರೆಡ್ಡಿಗೆ ಕೈ ಹಾಕಿದ. ಮೂರನೆಯದಕ್ಕೆ ಕೈ ಹಾಕುವಾಗ ಅತ್ತೆ ಬ್ರೆಡ್ಡಿನ ಡಬ್ಬಿಯನ್ನೇ ಅವನ ಪಕ್ಕಕ್ಕೆ ಸರಿಸಿದರು.

ಉಳಿದದ್ದನ್ನು ಅವನು ಸಣ್ಣ ಬಾಟಲಿಗೆ ತುಂಬಿ ಅಂಗಡಿಗೆ ಒಯ್ದ. ಪಕ್ಕದ ಅಂಗಡಿಯ ದರ್ಜಿ ಅವನ ಊಟದ ಜೊತೆಗಾರ. ಬಾಯಿ ಸ್ವಲ್ಪ ಉದ್ದ, ನಾಲಿಗೆ ಅದಕ್ಕಿಂತ ಉದ್ದ. ತನ್ನ ಡಬ್ಬಿಯ ಬೇಯಿಸಿದ ಮೊಟ್ಟೆಯನ್ನು ಇವನ ಬಾಟಲಿಗೆ ಅದ್ದಿ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ.

"ಯಾವ ಅಂಗಡೀದು ಮಾರಾಯ ಇದು?"

"ಅಂಗಡೀದಲ್ಲ. ನಮ್ಮತ್ತೆ ಮಾಡಿದ್ದು."

"ನಿಮ್ಮತ್ತೆ ಅಂದ್ರೆ, ಮಾತಾಡಲ್ಲ ಅಂತಿದ್ದಲ್ಲ, ಅವರಾ?"

"ಮಾತಾಡದಿದ್ರೆ ಏನಂತೆ? ಅವರ ಕೈಗೆ ಬಂಗಾರದ ಕಡಗ ಹಾಕಬೇಕು ಕಣೋ. ಹಸಿ ಟೊಮೆಟೊನ ಮುಟ್ಟಿದ್ರೆ ಸಾಕು, ಹೀಗಾಗುತ್ತೆ."

ಹೇಳಿದ್ದು ಹೇಳಿ ಮರೆತ. ದರ್ಜಿ ಮರೆಯುವವನಲ್ಲ. ಭಾನುವಾರ ಬೆಳಿಗ್ಗೆ ಖಾಲಿ ಬಾಟಲಿ ಹಿಡಿದು ಮನೆ ಬಾಗಿಲಿಗೇ ಬಂದು ನಿಂತ. ಅಳಿಯ ಆಗ ಸ್ನಾನಕ್ಕೆ ಹೋಗಿದ್ದ.

"ಅಮ್ಮಾ, ನನಗೂ ಸ್ವಲ್ಪ ಆ ಕೆಂಪು ಸಾಸು ಸಿಗುತ್ತಾ? ನಿಮ್ಮಳಿಯ ಹೇಳಿದ್ದು ಕೇಳಿ ಆಸೆ ತಡೀಲಾರದೆ ಬಂದೆ."

"ಏನು ಹೇಳಿದ್ರು?" ಅತ್ತೆಯ ಹುಬ್ಬು ಮೇಲೇರಿತು.

ಬಂಗಾರದ ಕಡಗದ ಮಾತನ್ನು ದರ್ಜಿ ಹತ್ತೂ ಬೆರಳು ಆಡಿಸುತ್ತ ಒಪ್ಪಿಸಿದ. ಇದ್ದದ್ದಕ್ಕೆ ಇನ್ನಷ್ಟು ಕಸೂತಿ ಹಾಕಿ, ಅಳಿಯ ಹೇಳದೇ ಇದ್ದ ವಜ್ರದ ಉಂಗುರವನ್ನೂ ಸೇರಿಸಿದ. ಸ್ನಾನದ ಮನೆಯಲ್ಲಿ ಅಳಿಯ ಸೋಪು ಹಚ್ಚಿಕೊಂಡ ಕಿವಿಯಲ್ಲೇ ಎಲ್ಲ ಕೇಳಿಸಿಕೊಂಡು, ನೆಲ ಬಾಯಿ ಬಿಡಬಾರದೇ ಎಂದುಕೊಂಡ. ದರ್ಜಿ ಹೋಗುವವರೆಗೂ ಹೊರಗೆ ಬರಲಿಲ್ಲ. ಬಂದಾಗ ಅತ್ತೆ ಊಟದ ಮೇಜಿನ ಮುಂದೆ ಕೂತಿದ್ದರು. ಒಲೆಯ ಕಡೆ ನೋಡಲಿಲ್ಲ. ಅವನನ್ನೇ ನೋಡಿದರು.

"ವಜ್ರದ ಉಂಗುರ ಯಾವಾಗ ತರ್ತೀಯಪ್ಪಾ?" ಎಂದರು.

ಅಳಿಯ ಅಭ್ಯಾಸಬಲದಿಂದ ಫ್ಯಾನಿನ ಕಡೆ ಕತ್ತೆತ್ತಿದ. ಆಮೇಲೆ ಇಳಿಸಿದ. "ಅದು... ಅದು ದರ್ಜಿ ಸೇರಿಸಿದ್ದು ಅತ್ತೆ. ನಾನು ಕಡಗ ಅಷ್ಟೇ ಹೇಳಿದ್ದೆ."

ಅತ್ತೆಗೆ ನಗು ಬಂತು. ಮೊದಲು ತುಟಿಯಲ್ಲಿ, ಆಮೇಲೆ ಭುಜದಲ್ಲಿ, ಕೊನೆಗೆ ಮೇಜಿನ ಮೇಲಿನ ಚಮಚಗಳೂ ಅಲ್ಲಾಡುವಷ್ಟು. "ನಿಮ್ಮ ದೊಡ್ಡಪ್ಪನ ತಲೆ!" ಎಂದು ಬಿಕ್ಕಿದರು. "ಅವತ್ತೇ ನಗಬೇಕಿತ್ತು ನಾನು. ಬೋಳುತಲೆ ಮೇಲೆ ಟೊಮೆಟೊ ಇಳೀತಾ ಇತ್ತು, ಪಾಪ ಅವರು 'ಬಿಸಿಯಾಗಿದೆ, ಆದರೆ ಉಪ್ಪು ಹದವಾಗಿದೆ' ಅಂದ್ರಲ್ಲ..."

ಅಳಿಯನಿಗೆ ಅದು ನೆನಪೇ ಇರಲಿಲ್ಲ. ಈಗ ನೆನಪಾಗಿ ಅವನೂ ನಕ್ಕ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗ ಎದುರುಮನೆಯವರು ಕಿಟಕಿ ತೆರೆದು ನೋಡಿ, ಏನೋ ಅನಾಹುತವಾಗಿದೆ ಎಂದು ಮತ್ತೆ ಮುಚ್ಚಿದರು.

ಅಣೆಕಟ್ಟು ಒಡೆದ ಮೇಲೆ ಕೇಳಬೇಕೆ? ಕೂಡಿಟ್ಟ ಮಾತೆಲ್ಲ ಹೊರಬಂತು. ಮಾತಿನ ನಡುವೆ ಅತ್ತೆ ಹೇಳಿದರು, "ನಿನ್ನನ್ನ ನೋಡ್ಕೊ ಅಂತಲೇ ಅವಳು ನನ್ನ ಕರೆಸಿದ್ದು. ನೀರು ಕುಡಿಯೋದೂ ಮರೀತೀಯಂತೆ."

"ನನಗೆ ನಿಮ್ಮನ್ನ ನೋಡ್ಕೊಳ್ಳಿ ಅಂದಿದ್ಲು! ನಿಮಗೆ ಆಯಾಸ ಅಂತ."

ಇಬ್ಬರೂ ಮುಖ ಮುಖ ನೋಡಿಕೊಂಡರು. "ಕಳ್ಳಿ" ಎಂದರು ಅತ್ತೆ, ಮೆಚ್ಚುಗೆಯಿಂದ. "ನನ್ನ ಹೊಟ್ಟೇಲಿ ಹುಟ್ಟಿ ನನಗೇ ಟೋಪಿ."

ಮಾತು ಬಂದ ಮೇಲೆ ಜಗಳವೂ ಬಂತು, ಆದರೆ ಇದು ಉಪ್ಪು ಖಾರ ಇರುವ ಜಗಳ. ಹಸಿರು ಸಾಸಿನ ವಿಷಯದಲ್ಲಿ ಇಬ್ಬರೂ ಹಾವು ಮುಂಗುಸಿಯಾದರು. ಕೊತ್ತಂಬರಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ನಿಂಬೆರಸ, ಎಣ್ಣೆ, ಇಷ್ಟರ ಬಗ್ಗೆ ತಕರಾರಿಲ್ಲ. ಕುಟ್ಟಬೇಕು ಎಂದು ಅತ್ತೆ, ಮಿಕ್ಸಿಗೆ ಹಾಕಬೇಕು ಎಂದು ಅಳಿಯ.

"ಮಿಕ್ಸಿಗೆ ಹಾಕಿದ್ರೆ ಕಪ್ಪಾಗುತ್ತೆ, ಕಹಿಯಾಗುತ್ತೆ."

"ಅದು ಮಿಕ್ಸಿ ತಪ್ಪಲ್ಲ ಅತ್ತೆ, ಬಿಸಿಯ ತಪ್ಪು. ಜಾರನ್ನ ಫ್ರಿಜ್ಜಲ್ಲಿಟ್ಟು ತಂಪು ಮಾಡಿ, ಒಂದೇ ಸಮ ಓಡಿಸದೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಎಣ್ಣೆ ಕೊನೇಲಿ, ಕೈಯಲ್ಲೇ ಕಲಸಬೇಕು."

"ನಿನ್ನ ಮಿಕ್ಸಿ ಪುರಾಣ ನನ್ನ ಹತ್ರ ಬೇಡ."

ಅತ್ತೆ ಕುಟ್ಟಾಣಿ ಹಿಡಿದರು. ಅಳಿಯ ಜಾರು ತಂಪಿಗಿಟ್ಟ. ಕುಟ್ಟುತ್ತ ಕುಟ್ಟುತ್ತ ಅತ್ತೆ ಬಲಗೈಯಿಂದ ಎಡಗೈಗೆ ಬದಲಾಯಿಸಿದ್ದು, ಎಡಗೈಯಿಂದ ಮತ್ತೆ ಬಲಕ್ಕೆ ಬಂದಾಗ ತುಟಿ ಕಚ್ಚಿದ್ದು ಅವನ ಕಣ್ಣಿಗೆ ಬಿತ್ತು. ಸವೆದ ಬೇರಿಂಗಿನ ಸದ್ದು ದೂರದಿಂದಲೇ ಗುರುತಿಸುವವನಿಗೆ ಮನುಷ್ಯರ ಮಣಿಕಟ್ಟಿನ ನೋವು ಗೊತ್ತಾಗದೆ ಇರುತ್ತದೆಯೇ? "ಅತ್ತೆ, ನಿಮ್ಮದು ಅರ್ಧ, ನನ್ನದು ಅರ್ಧ ಹಾಕಿ ನೋಡೋಣ. ನಿಮ್ಮದರಲ್ಲಿ ಘಮ ಇದೆ, ನನ್ನದರಲ್ಲಿ ನುಣುಪಿದೆ" ಎಂದು ಕುಟ್ಟಾಣಿಯನ್ನು ತನ್ನ ಕಡೆಗೆ ಎಳೆದುಕೊಂಡು ಉಳಿದದ್ದನ್ನು ತಾನೇ ಕುಟ್ಟಿದ. ಅತ್ತೆ ಬೇಡವೆನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಾವಾಗಿ ಎದ್ದು ಮಿಕ್ಸಿಯ ಮುಚ್ಚಳದ ಮೇಲೆ ಎರಡೂ ಕೈಯಿಟ್ಟು ನಿಂತರು. "ಹ್ಞೂ, ತಿರುಗಿಸು" ಎಂದರು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. ಮಿಕ್ಸಿ ತಿರುಗಿತು. ಗೋಡೆ ಬೆಳ್ಳಗೇ ಉಳಿಯಿತು.

ಶಿಬಿರದಲ್ಲಿದ್ದ ಹೆಂಡತಿಗೆ ಇದೊಂದೂ ಗೊತ್ತಿರಲಿಲ್ಲ. ಅವಳು ಫೋನ್ ಮಾಡಿದಾಗಲೆಲ್ಲ ಇಬ್ಬರೂ ಬೇಕೆಂದೇ ಹಳೆಯ ರಾಗ ಎಳೆಯುತ್ತಿದ್ದರು. ಟೋಪಿ ಹಾಕಿದವಳಿಗೆ ತಿರುಗಿ ಟೋಪಿ ಹಾಕುವ ಉಪಾಯ ಅತ್ತೆಯದು. "ಏನೋ ಇದ್ದೀನಮ್ಮ, ಈ ಮನೇಲಿ ನನ್ನ ಮಾತು ಕೇಳೋರು ಯಾರು" ಎಂದು ಅತ್ತೆ ಉಸಿರು ಬಿಡುತ್ತಿದ್ದರೆ, ಪಕ್ಕದಲ್ಲಿ ಅಳಿಯ ಬಾಯಿಗೆ ಟವೆಲ್ ತುರುಕಿಕೊಂಡು ನಗುತ್ತಿದ್ದ. ಪಾಪ, ಅವಳಿಗೆ ನಿಜವಾಗಿಯೂ ಚಿಂತೆಯಾಯಿತು. ಒಂದು ದಿನ ಮಕ್ಕಳಿಗೆ ರಜೆ ಕೊಟ್ಟು, ಯಾರಿಗೂ ಹೇಳದೆ ಬೆಳಗಿನ ಬಸ್ಸು ಹತ್ತಿಬಿಟ್ಟಳು.

ಅವಳು ಮೆಟ್ಟಿಲು ಹತ್ತುತ್ತಿದ್ದಾಗಲೇ ಮನೆಯೊಳಗಿಂದ ಕೂಗಾಟ ಕೇಳಿಸಿತು. ಉಳಿದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು.

"ನೀರು ಹಾಕು ಅಂದ್ರೆ ಹಾಕು!"

"ಈಗಲೇ ಕಲ್ಲಾಗಿದೆ, ನೀರು ಹಾಕಿದ್ರೆ ಕೆಟ್ಟೇ ಹೋಗುತ್ತೆ ಅತ್ತೆ!"

"ಯಾರೋ ನಿನಗೆ ಹೇಳಿದ್ದು? ಶೇಂಗಾಕ್ಕೆ ನಿಂಬೆರಸ ಬಿದ್ದ ತಕ್ಷಣ ಹಾಗೇ ಬಿಗಿದುಕೊಳ್ಳುತ್ತೆ. ಚಮಚ ಚಮಚವಾಗಿ ನೀರು ಹಾಕ್ತಾ ಕಲಸು, ತಾನಾಗೇ ಸಡಿಲ ಆಗುತ್ತೆ. ತಾಳ್ಮೆ ಬೇಕಪ್ಪಾ, ತಾಳ್ಮೆ!"

"ತಾಳ್ಮೆ ಬಗ್ಗೆ ಯಾರು ಮಾತಾಡ್ತಿದ್ದಾರೆ ನೋಡಿ! ನಿನ್ನೆ ಮೊಸರು ಇನ್ನೂ ಸೋರ್ತಿರುವಾಗಲೇ ಗಂಟು ಬಿಚ್ಚಿದ್ದು ಯಾರು?"

ಹೆಂಡತಿ ಬಾಗಿಲಲ್ಲಿ ನಿಂತಳು. ಕೆರೆಯ ಬಿಸಿಲಿಗೆ ಮೂಗು ಸುಟ್ಟು ಕೆಂಪಾಗಿತ್ತು, ಬ್ಯಾಗು ಹೆಗಲಿನಿಂದ ಜಾರುತ್ತಿತ್ತು. ಮೇಜಿನ ಮೇಲೆ ಬಿಳಿ, ಕೆಂಪು, ಹಸಿರು ಬಟ್ಟಲುಗಳು. ನಡುವೆ ದೊಡ್ಡ ಬೋಗುಣಿಯಲ್ಲಿ ಹುರಿದ ಶೇಂಗಾ ಅರೆದ ಕಂದು ಮುದ್ದೆ. ಅವಳ ಗಂಡ ಬೆವರು ಸುರಿಸುತ್ತ ಕಲಸುತ್ತಿದ್ದಾನೆ, ಅವಳಮ್ಮ ಪಕ್ಕದಲ್ಲಿ ಚಮಚದಿಂದ ನೀರು ಹನಿಸುತ್ತಿದ್ದಾರೆ. ಹನಿಸಿದಂತೆಲ್ಲ ಮುದ್ದೆ ಮೆತ್ತಗಾಗಿ, ನಯವಾಗಿ, ಕೆನೆಯ ಹಾಗೆ ಸುರುಳಿ ಸುರುಳಿಯಾಗಿ ಇಳಿಯತೊಡಗಿತು.

"ನೋಡಿದೆಯಾ? ನೋಡಿದೆಯಾ?" ಎಂದರು ಅಮ್ಮ.

"ಒಪ್ಕೊಂಡೆ ತಾಯಿ, ಒಪ್ಕೊಂಡೆ" ಎಂದ ಗಂಡ. ಆಮೇಲೆ ಇಬ್ಬರೂ ಒಟ್ಟಿಗೆ ಬಾಗಿಲ ಕಡೆ ನೋಡಿದರು.

"ಅಮ್ಮ," ಎಂದಳು ಮಗಳು ಮೆಲ್ಲಗೆ, "ನೀನು ಅವರನ್ನ ಏಕವಚನದಲ್ಲಿ ಕರೀತಿದ್ದೀಯ."

"ಮತ್ತೆ ಬಹುವಚನಕ್ಕೆ ಅವನೇನು ಇಬ್ಬರಿದ್ದಾನಾ?" ಎಂದರು ಅಮ್ಮ. "ಬಿಸಿಲಲ್ಲಿ ಬಂದಿದ್ದೀಯ, ಬಾ ಒಳಗೆ. ಯಾಕೆ ಹೇಳದೆ ಕೇಳದೆ ಬಂದೆ?"

ಮಗಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು. "ನನ್ನನ್ನ ಹೆದರಿಸಿ ಸಾಯಿಸೋಕೆ ಇಬ್ಬರೂ ಸೇರಿ ಸಂಚು ಮಾಡಿದ್ರಾ?" ಎಂದು ಗಂಡನ ಬೆನ್ನಿಗೆ ಒಂದು ಗುದ್ದಿದಳು. ಅಮ್ಮನಿಗೆ ಗುದ್ದುವಂತಿಲ್ಲವಲ್ಲ, ಅವರ ಪಾಲಿನದನ್ನೂ ಅವನಿಗೇ ಗುದ್ದಿದಳು.

ಊಟಕ್ಕೆ ತಣ್ಣಗಿನ ಆಲೂಗಡ್ಡೆ, ಬೀನ್ಸು, ಮೊಟ್ಟೆ, ಬ್ರೆಡ್ಡು. ಮಗಳು ಒಂದೊಂದು ಬಟ್ಟಲಿಗೂ ಅದ್ದಿ ಅದ್ದಿ ತಿಂದಳು. ಶಿಬಿರದ ಊಟ ತಿಂದು ತಿಂದು ನಾಲಿಗೆ ಸತ್ತುಹೋಗಿತ್ತು ಎಂದಳು, ಹಸಿರು ಸಾಸಿನ ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡಳು, ಕೊನೆಗೆ ಶೇಂಗಾ ಸಾಸಿನ ಬೋಗುಣಿಯನ್ನೇ ಮಡಿಲಿಗೆ ಎಳೆದುಕೊಂಡಳು.

"ಇದನ್ನ ಮಕ್ಕಳಿಗೆ ಮಾಡಿಕೊಡಬೇಕು. ಹೇಗೆ ಮಾಡೋದು, ಹೇಳಿ."

"ಮೊದಲು ಶೇಂಗಾ ಹುರೀಬೇಕು" ಎಂದರು ಅಮ್ಮ. "ಸಣ್ಣ ಉರೀಲಿ" ಎಂದ ಗಂಡ. "ಸಣ್ಣ ಉರಿಯಲ್ಲ, ಮಧ್ಯಮ" ಎಂದರು ಅಮ್ಮ. "ಮಧ್ಯಮ ಅಂದ್ರೆ ಹೊರಗೆ ಸುಟ್ಟು ಒಳಗೆ ಹಸಿ ಉಳಿಯುತ್ತೆ ಅತ್ತೆ." "ನೀನು ಹುಟ್ಟೋಕೆ ಮುಂಚಿಂದ ಶೇಂಗಾ ಹುರೀತಿದ್ದೀನಿ ನಾನು." ಜೇನುತುಪ್ಪವೋ ಸಕ್ಕರೆಯೋ, ಸಿಪ್ಪೆ ತೆಗೆಯಬೇಕೋ ಬೇಡವೋ, ಬೆಳ್ಳುಳ್ಳಿ ಹಸಿಯೋ ಹುರಿದದ್ದೋ, ಒಂದಕ್ಕೂ ತೀರ್ಪು ಬರಲಿಲ್ಲ. ಅರ್ಧ ದಾರಿಯಲ್ಲಿ ಅವರಿಬ್ಬರೂ ಹೇಳಿಸಿಕೊಳ್ಳುವವಳನ್ನೇ ಮರೆತುಬಿಟ್ಟರು.

ಬಸ್ಸಿನ ಆಯಾಸ, ತುಂಬಿದ ಹೊಟ್ಟೆ. ಮಗಳು ಫ್ಯಾನಿನ ಕೆಳಗೆ ಬರಿ ನೆಲದ ಮೇಲೇ ಒರಗಿದವಳು ಅಲ್ಲೇ ನಿದ್ದೆಹೋದಳು. ಅತ್ತೆ ಅವಳ ತಲೆಯಡಿಗೆ ದಿಂಬು ಸರಿಸಿದರು. ಅಳಿಯ ಕಿಟಕಿಯ ಪರದೆ ಎಳೆದ.

"ನಾಳೆ ಅವಳಿಗೆ ಕಟ್ಟಿ ಕಳಿಸೋಕೆ ಬೆಳ್ಳುಳ್ಳಿ ಹಾಕೋದು ಬೇಡ, ಮಕ್ಕಳು ತಿನ್ನಲ್ಲ" ಎಂದರು ಅತ್ತೆ ಪಿಸುದನಿಯಲ್ಲಿ.

"ಸ್ವಲ್ಪ ಹಾಕೋಣ ಅತ್ತೆ, ಗೊತ್ತಾಗದ ಹಾಗೆ" ಎಂದ ಅಳಿಯ, ಅದಕ್ಕಿಂತ ಮೆಲ್ಲಗೆ.

"ಬೇಡ ಅಂದ್ನಲ್ಲ."

"ಅರ್ಧ ಎಸಳು."

ಅತ್ತೆ ಮಲಗಿದ್ದ ಮಗಳನ್ನೊಮ್ಮೆ ನೋಡಿ, ಬಾಯಿಯ ಮೇಲೆ ಬೆರಳಿಟ್ಟು, ಅಡುಗೆಮನೆಗೆ ಬಾ ಎಂದು ಅಳಿಯನಿಗೆ ಕಣ್ಸನ್ನೆ ಮಾಡಿದರು. ಅಲ್ಲಿ ಬಾಗಿಲು ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಇಬ್ಬರೂ ಜಗಳ ಮುಂದುವರಿಸಿದರು.